ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಕೇಳಿದ ಕ್ಷಮೆ

ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ತಪ್ಪು ಯಾವಾಗಲೂ ತನ್ನಿಂದ ಸ್ವಲ್ಪ ದೂರದಲ್ಲೇ ಇರುತ್ತದೆ ಎಂದು ಅವನು ನಂಬಿಬಿಡುತ್ತಾನೆ. ನಾನು ಹಲಸೂರಿನ ಒಂದು ಗ್ಯಾರೇಜಿನಲ್ಲಿ ಕಾರುಗಳ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುವವನು. ಅದರಲ್ಲೂ ಕಾರಿನೊಳಗಿನ ಪುಟ್ಟ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತು ಬಿಟ್ಟಾಗ ನನ್ನನ್ನೇ ಕರೆಯುತ್ತಾರೆ. ಈಗಿನ ಕಾರಿನಲ್ಲಿ ಎಂಜಿನ್ನಿಗೊಂದು, ಬ್ರೇಕಿಗೊಂದು, ಸ್ಟಿಯರಿಂಗಿಗೊಂದು ಕಂಪ್ಯೂಟರು. ಎಲ್ಲವೂ ಜೊತೆಯಾಗಿ ಹೆಣೆದ ಎರಡೇ ವೈರಿನ ಮೇಲೆ ಮಾತಾಡಬೇಕು, ನಮ್ಮ ಬೀದಿಯವರ ವಾಟ್ಸಾಪ್ ಗುಂಪಿನ ಹಾಗೆ. ಆ ವೈರು ಎಲ್ಲೋ ಒಂದು ಕಡೆ ಶಾರ್ಟ್ ಆಯಿತೆಂದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಆಗ ಒಂದೊಂದೂ ಇನ್ನೊಂದರ ಮೇಲೆ ದೂರು ಹಾಕುತ್ತದೆ. ದೂರು ನಂಬಿಕೊಂಡು ಎದುರಿನವನ ಕೊರಳಪಟ್ಟಿ ಹಿಡಿಯಬೇಡಿ, ಮೊದಲು ಕಣ್ಣು ಬಿಟ್ಟು ವೈರು, ಸಾಕೆಟ್ಟು ನೋಡಿ, ಮೀಟರು ಆಮೇಲೆ ಎಂದು ಗ್ಯಾರೇಜಿನಲ್ಲಿ ಎಲ್ಲರಿಗೂ ಉಪದೇಶ ಮಾಡುತ್ತಿರುತ್ತೇನೆ. ಮನೆಯಲ್ಲಿ ಊಟದ ಹೊತ್ತಿಗೆ ನನ್ನ ಹೆಂಡತಿ ವನಜಾಳಿಗೂ ಇದನ್ನೇ ಬಡಿಸುತ್ತೇನೆ.

ವನಜಾ ಕೆ.ಆರ್. ಪುರದ ಒಂದು ಶಾಲೆಯಲ್ಲಿ ಟೀಚರು. ನಲವತ್ತು ದಾಟಿದ ಮೇಲೆ, ಈ ವರ್ಷ, ಹೆದರಿ ಹೆದರಿ ಕಾರು ಕಲಿತಳು. ಮೊದಲ ತಿಂಗಳು ಜೀವನ್ ಬಿಮಾ ನಗರದ ಒಳರಸ್ತೆಗಳಲ್ಲೇ ಸುತ್ತಿದಳು. ಹಾಲಿಗೂ ಕಾರು, ಕೊತ್ತಂಬರಿಗೂ ಕಾರು. ಆಮೇಲೆ ಒಂದು ದಿನ ಒಬ್ಬಳೇ ಶಾಲೆಗೆ ಹೋಗಿಬಂದು, ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಗೆ ಹೋಗಿ ನಿಂತಿದ್ದಳು. ಅಷ್ಟು ಖುಷಿ ಅವಳಿಗೆ. ಆ ಖುಷಿಯನ್ನು ನಾನು ಒಂದೇ ಬೆಳಿಗ್ಗೆಯಲ್ಲಿ ಹಾಳುಮಾಡಿದೆ.

ಆಯುಧಪೂಜೆ ಕಳೆದು ಜಿಟಿಜಿಟಿ ಮಳೆ ಹಿಡಿದಿತ್ತು. ನಾನಿನ್ನೂ ತಿಂಡಿ ತಿನ್ನುತ್ತಿದ್ದೆ, ಫೋನು ಬಂತು. "ರೀ, ಇರೋ ಬರೋ ಲೈಟೆಲ್ಲಾ ಹತ್ಕೊಂಡು ಗಾಡಿ ನಿಂತ್ಬಿಡ್ತು. ಟಿನ್ ಫ್ಯಾಕ್ಟರಿ ಸಿಗ್ನಲ್ ಹತ್ರ ಇದೀನಿ." ಓಡಿದೆ. ಯಾರೋ ಆಟೋದವರು ಕಾರನ್ನು ತಳ್ಳಿ ಪಕ್ಕಕ್ಕೆ ಹಾಕಿಕೊಟ್ಟಿದ್ದರು. ವನಜಾ ನೆನೆದುಕೊಂಡು ನಿಂತಿದ್ದಳು. ಏನೂ ಆಗಲಿಲ್ಲ ತಾನೆ ಎಂದು ಕೇಳಬೇಕಾದ ಗಂಡ ಏನು ಕೇಳಿದ ಗೊತ್ತೇ?

"ಏನೇನ್ ಒತ್ತಿದೆ?"

"ಏನೂ ಒತ್ತಿಲ್ಲ ರೀ."

"ಏನೂ ಒತ್ದೆ ಹಿಂಗಾಗಲ್ಲ. ಬರಲ್ಲ ಅಂದ್ಮೇಲೆ ಯಾಕ್ ಓಡಿಸ್ಬೇಕು?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆಟೋದವರೇ ನನಗೆ ಬುದ್ಧಿ ಹೇಳಿದರು. "ಬುಡಿ ಸಾರ್, ಗಾಡಿ ಅಂದ್ಮೇಲೆ ನಿಲ್ತದೆ. ಅಕ್ಕ ಪಾಪ ಹೆದರ್ಕೊಂಡವ್ರೆ." ವನಜಾ ಕೀಯನ್ನು ನನ್ನ ಕೈಗಿಟ್ಟಳು. ಮರುದಿನದಿಂದ ಮೆಟ್ರೋ ಹಿಡಿದಳು.

ಬಿಸಿಲು ಬಂದರೆ ಕಾರು ಸರಿ, ತಂಪಾದರೆ ಮತ್ತೆ ಮುಷ್ಕರ. ಭಾನುವಾರ ಮನೆ ಮುಂದೆಯೇ ಬಿಚ್ಚಿಕೊಂಡು ಕೂತೆ. ಸ್ಟಿಯರಿಂಗಿನ ಕೆಳಗೆ, ಆ ಎರಡು ವೈರುಗಳು ಬಂದು ಸೇರುವಲ್ಲಿ, ಈ ದೂರುಗಳನ್ನು ಓದುವ ಸ್ಕ್ಯಾನರು ಚುಚ್ಚಲು ಒಂದು ಸಾಕೆಟ್ಟು ನೆಲದ ಕಡೆ ಮುಖ ಮಾಡಿಕೊಂಡಿರುತ್ತದೆ. ಬೇರೆಯವರು ಬಗ್ಗಿ, ಟಾರ್ಚು ಹಾಕಿ ಅದನ್ನು ಹುಡುಕುತ್ತಾರೆ. ನಾನು ಬಗ್ಗುವುದಿಲ್ಲ, ಬೆರಳಲ್ಲೇ ತಡವಿ ಚುಚ್ಚುತ್ತೇನೆ, ಅದೇ ನನ್ನ ಜಂಬ. ಚುಚ್ಚಿದೆ. ಎಲ್ಲ ಕಂಪ್ಯೂಟರುಗಳೂ ಎಲ್ಲರ ಮೇಲೂ ದೂರು ಹೇಳಿದವು. ಒಂದೊಂದನ್ನೇ ಕಳಚಿದೆ, ಕಾರ್ಪೆಟ್ಟು ಎತ್ತಿದೆ, ಇಲಿಯನ್ನು ಬೈದೆ, ಸೀಟ್ ಕವರ್ ಹಾಕಿಕೊಟ್ಟ ಶಿವಾಜಿನಗರದವನನ್ನೂ ಬೈದೆ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು, "ಏನ್ ಸಾರ್, ಗುಜರಿಗೆ ಹಾಕ್ತಿದೀರಾ?" ಎಂದರು.

ವನಜಾ ಕಾಫಿ ತಂದಳು. ಲೋಟಕ್ಕೆ ಕೈ ಚಾಚಿದೆ. ಅವಳು ನನ್ನ ಬೆರಳು ನೋಡಿ, "ಇವತ್ತು ಯಾವ ಪೂಜೆ?" ಎಂದಳು.

ಬೆರಳ ತುದಿಯೆಲ್ಲ ಕೆಂಪು. ಕಾಫಿ ಬಿಟ್ಟು ಅಂಗಾತ ಮಲಗಿ, ಆ ಸಾಕೆಟ್ಟಿನ ಮುಖವನ್ನು ಮೊದಲ ಸಲ ನೋಡಿದೆ. ಒಳಗೆಲ್ಲ ಕುಂಕುಮ ಮೆತ್ತಿಕೊಂಡು, ತಂಪಿಗೆ ಒಸರಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಆಗ ನೆನಪಾಯಿತು. ಆಯುಧಪೂಜೆಯ ದಿನ ವನಜಾ ಬಾನೆಟ್ಟಿಗೂ ಚಕ್ರಕ್ಕೂ ಹಚ್ಚಿ ಸುಮ್ಮನಾದಳು. ನನಗೆ ಭಕ್ತಿ ಉಕ್ಕಿತು. ನನಗೆ ಅನ್ನ ಹಾಕುವುದು ಈ ಸಾಕೆಟ್ಟಲ್ಲವೇ ಎಂದು, ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಧಾರಾಳವಾಗಿ ತೆಗೆದುಕೊಂಡು, ಬಗ್ಗದೆ, ತಡವಿಯೇ ಹಚ್ಚಿದ್ದೆ.

ಬ್ರಷ್ಷು ಹಾಕಿ ಉಜ್ಜಿದೆ. ಕಾರು ಮಾತಾಡಿತು. "ಏನಾಗಿತ್ತು?" ಎಂದಳು ವನಜಾ.

"ಲೂಸ್ ಕನೆಕ್ಷನ್," ಎಂದೆ.

ಕೆಂಪು ಬೆರಳಿಟ್ಟುಕೊಂಡು ಹೇಳಿದ ಸುಳ್ಳು ಅದು. ಅವಳು ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಕಿವಿ ಬಿಸಿಯಾಯಿತು. ಕುಂಕುಮ ಹಚ್ಚಿದ್ದಕ್ಕಲ್ಲ, ಅದು ಪೆದ್ದುತನ. ಮಳೆಯಲ್ಲಿ ನೆನೆದು ನಿಂತಿದ್ದವಳನ್ನು ಬೈದಿದ್ದಕ್ಕೆ, ಈಗ ಮತ್ತೆ ಜಾರಿಕೊಳ್ಳಲು ನೋಡಿದ್ದಕ್ಕೆ ನಾಚಿಕೆಯಾಯಿತು. ಎಲ್ಲ ಹೇಳಿ, ತಪ್ಪಾಯ್ತು ಎಂದೆ.

"ಇಲ್ಲಿ ಹೇಳಿದ್ರೆ ಏನ್ ಬಂತು?" ಎಂದಳು. "ಬೈದಿದ್ದು ಎಲ್ಲಿ?"

ಸೋಮವಾರ ಅವಳೇ ಕೀ ತೆಗೆದುಕೊಂಡಳು. ನಾನು ಪಕ್ಕದ ಸೀಟು. ಟಿನ್ ಫ್ಯಾಕ್ಟರಿಯಲ್ಲಿ ಕೆಂಪು ದೀಪ ಬಿತ್ತು. ಅವಳು ಗಾಜು ಇಳಿಸಿ ಕಾದಳು. "ತಪ್ಪು ನಂದೇ ಕಣೇ, ನೀನು ಚೆನ್ನಾಗೇ ಓಡಿಸ್ತೀಯ," ಎಂದೆ, ಆದಷ್ಟು ಮೆತ್ತಗೆ. ಪಕ್ಕದಲ್ಲಿ ನಿಂತಿದ್ದ ಆಟೋದವನೊಬ್ಬ ತಲೆ ಹೊರಗೆ ಹಾಕಿದ. "ಜೋರಾಗ್ ಹೇಳಿ ಸಾರ್, ಅಕ್ಕಂಗೆ ಕೇಳಿಸ್ಲಿಲ್ಲ." ಜೋರಾಗಿ ಹೇಳಿದೆ. ಬಸ್ಸಿಗೆ ಕಾಯುತ್ತಿದ್ದವರು ಇವತ್ತೂ ತಿರುಗಿ ನೋಡಿದರು. ಹಸಿರು ಬಿತ್ತು, ವನಜಾ ಗೇರು ಹಾಕಿ ಹೊರಟಳು.

ಈಗಲೂ ಅವಳ ಪಕ್ಕ ಕೂತಾಗ, ಗೇರು ಹಾಗಲ್ಲ, ಬ್ರೇಕು ಹೀಗಲ್ಲ ಎಂದು ನನ್ನ ಬಾಯಿ ತೆರೆದುಕೊಳ್ಳುತ್ತದೆ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ರೀ, ಕೈ ತೋರ್ಸಿ," ಎನ್ನುತ್ತಾಳೆ. ತೋರಿಸುವ ಮೊದಲು ನಾನೇ ಒಮ್ಮೆ ನೋಡಿಕೊಳ್ಳುತ್ತೇನೆ.