ನಾನು ಬಡಿದು ನೋಡಿ ಕೊಂಡ ಮನೆ

ಮದುವೆ ಮಾಡಿ ನೋಡಿದ್ದಾಗಿತ್ತು. ಇನ್ನು ಮನೆ ಕಟ್ಟಿ ನೋಡುವ ತಾಪತ್ರಯ ಬೇಡ, ಕಟ್ಟಿದ್ದನ್ನೇ ಕೊಳ್ಳುತ್ತೇನೆ ಎಂದು ಘೋಷಿಸಿದೆ. ಕೊಳ್ಳುವ ಮನೆಯಲ್ಲಿ ಏನೇನು ನೋಡಬೇಕೆಂದು ನನ್ನಷ್ಟು ಬಲ್ಲವನು ಇಡೀ ಚಿಲೊಯೆ ದ್ವೀಪದಲ್ಲೇ ಇರಲಿಲ್ಲ!

ಹನ್ನೊಂದು ವರ್ಷದಿಂದ ನಾವು ನನ್ನ ಅಕ್ಕನ ಮನೆಯ ಅಟ್ಟದಲ್ಲಿದ್ದೆವು. ಅಕ್ಕನ ಒಲೆ ಬಿಡುವಾಗುವ ತನಕ ನನ್ನ ಹೆಂಡತಿ ಎಲ್ಬಾ ನೀರೂ ಕಾಯಿಸುವಂತಿರಲಿಲ್ಲ. ಸಂತೆಯಲ್ಲಿ ಚಂದದ ಬಟ್ಟಲು ಕಂಡರೆ ಎತ್ತಿಕೊಂಡು ಸವರಿ, “ನಮ್ಮ ಅಡುಗೆಮನೆ ಅಂತ ಆಗ್ಲಿ” ಎಂದು ಮತ್ತೆ ಇಟ್ಟುಬಿಡುತ್ತಿದ್ದಳು.

ಮುದುಕ ದೋನ್ ಬಾಲ್ದೊ ಮಾರುತ್ತಾನಂತೆ ಎಂಬ ಸುದ್ದಿ ಕೇಳಿ ಓಡಿದೆವು. ಕಡಲಂಚಿನ ದಿಬ್ಬದ ಮೇಲೆ ಹಳದಿ ಬಣ್ಣದ ಮರದ ಮನೆ! ಎಲ್ಬಾ ನೆಟ್ಟಗೆ ಅಡುಗೆಮನೆಯ ಕಿಟಕಿಯ ಬಳಿ ಹೋಗಿ ನಿಂತಳು. ಕಡಲು ನೋಡುತ್ತಾ ಕಣ್ಣೊರೆಸಿಕೊಂಡಳು.

ನಾನು ಪರೀಕ್ಷೆಗಿಳಿದೆ. ಗೋಡೆ ಬಡಿದೆ. ಹಲಗೆಯ ಮೇಲೆ ಕುಣಿದೆ. ತೇವದ ವಾಸನೆಗಾಗಿ ಮೂಲೆ ಮೂಲೆ ಮೂಸಿದೆ. ಕೊನೆಗೆ ಮನೆಯ ಅಡಿಗೇ ತೆವಳಿದೆ!

“ಏನು ಕಳ್ಕೊಂಡೆ ತಮ್ಮಾ?” ಎಂದ ಮುದುಕ. “ಹೊರಗೆ ಬಾ, ಜಾಗ ನೋಡು.”

“ಜಾಗ ಎಲ್ಲಿಗೆ ಹೋಗತ್ತೆ ಅಜ್ಜ!” ಎಂದು ನಕ್ಕೆ.

ಬೆಲೆಯೋ, ನಂಬಲಾರದಷ್ಟು ಕಡಿಮೆ. “ಮುದುಕನ್ನ ಕೆಡವಿಬಿಟ್ಟೆ!” ಎಂದು ಮೀಸೆ ತಿರುವಿದೆ.

“ಕಾಗದ ಓದಿ ಸಹಿ ಹಾಕಿದೆಯಾ?” ಎಲ್ಬಾ ಕೇಳಿದಳು.

“ಗೋಡೆನೇ ಓದಿದೋನಿಗೆ ಕಾಗದ ಯಾವ ಲೆಕ್ಕ!”

ಶನಿವಾರ ಬೆಳಿಗ್ಗೆ ಗಂಟುಮೂಟೆ ಕಟ್ಟಿ ಹೊರಟೆವು. ದಾರಿಯಲ್ಲಿ ಹನ್ನೆರಡು ಜೋಡಿ ಎತ್ತು, ದಪ್ಪ ಹಗ್ಗ, ಊರಿಗೂರೇ ಗದ್ದಲ. ನಮ್ಮಲ್ಲಿ ಕೆಲವರು ಊರು ಬಿಡುವಾಗ ಮನೆಯನ್ನೂ ಬಿಡುವುದಿಲ್ಲ. ದಿಮ್ಮಿಗಳ ಮೇಲೇರಿಸಿ, ಎತ್ತು ಕಟ್ಟಿ, ಎಳೆದುಕೊಂಡೇ ಹೋಗುತ್ತಾರೆ. ಕಂಡವರು ಕೈ ಹಾಕದಿದ್ದರೆ ಮರ್ಯಾದೆಯಲ್ಲ. ಗಂಟು ಎಸೆದು ಹಗ್ಗ ಹಿಡಿದೆ. ಮಂಜಿನಲ್ಲಿ ಹಿಂದಿದ್ದ ಮನೆ ಕಾಣುತ್ತಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಾ ಎಳೆದೆ!

ಮಂಜು ಸರಿಯಿತು.

“ಅದು ನನ್ನ ಕಿಟಕಿ,” ಎಂದಳು ಎಲ್ಬಾ, ಮೆಲ್ಲಗೆ.

“ಅಜ್ಜಾ! ನನ್ನ ಮನೆ!” ಎಂದು ಎತ್ತುಗಳ ಪಕ್ಕ ನಡೆಯುತ್ತಿದ್ದ ದೋನ್ ಬಾಲ್ದೊನನ್ನು ಕೂಗಿದೆ.

“ನಿಂದು ಜಾಗ ತಮ್ಮಾ. ಕಾಗದದಲ್ಲಿ ಅಷ್ಟೇ ಬರೆದಿರೋದು. ಮನೆ ನಂದು, ಮಗಳ ಊರಿಗೆ ಒಯ್ತಿದ್ದೀನಿ. ನೀನು ಗೋಡೆ ಬಡಿದಾಗ, ಪಾಪ, ಎಳೆಯೋಕೆ ತಡೆಯತ್ತಾ ಅಂತ ನೋಡ್ತಿದ್ದಾನೆ ಅಂದ್ಕೊಂಡೆ! ಏಯ್, ಹಗ್ಗ ಬಿಡಬೇಡ, ಇಳಿಜಾರು!”

ಬಿಡಲಿಲ್ಲ. ನನ್ನ ಮನೆಯನ್ನು ನಾನೇ ಬೆವರು ಸುರಿಸಿ ಊರು ದಾಟಿಸಿದೆ. ಎಳೆದವರಿಗೆಲ್ಲ ಹಾಕಿದ ಊಟವನ್ನೂ, ನಾಚಿಕೆ ಬಿಟ್ಟು, ಎರಡು ಸಲ ಬಡಿಸಿಕೊಂಡೆ.

ಸಂಜೆ ದಿಬ್ಬಕ್ಕೆ ಬಂದೆವು. ಬೋಳು ನೆಲ, ಬೀಸುವ ಗಾಳಿ. ಅಡುಗೆಮನೆ ಇದ್ದ ಕಡೆ ಎಲ್ಬಾ ಹೋಗಿ ನಿಂತಳು. ಬಹಳ ಹೊತ್ತು ಕಡಲನ್ನೇ ನೋಡಿದಳು.

“ಎರಡು ಬೈದುಬಿಡು ಮಾರಾಯ್ತಿ.”

“ಬೈದ್ರೆ ಗೋಡೆ ಏಳತ್ತಾ? ಮನೆ ಇಟ್ಕೊಂಡು ಜಾಗ ಮಾರೋರು ಇದ್ದಾರೆ ಅಂದ್ಮೇಲೆ, ಜಾಗ ಇಟ್ಕೊಂಡು ಮನೆ ಮಾರೋರೂ ಇರ್ತಾರೆ. ನಾಳೆನೇ ಹುಡುಕೋಣ.”

“ಹೌದೌದು! ನಾನೇ ಒಂದೊಂದು ಹಲಗೆನೂ...”

“ಬೇಡ ಮಾರಾಯ! ನೋಡೋ ಕೆಲಸ ನಂಗೆ ಬಿಡು,” ಎಂದಳು. “ನೀನು ಎತ್ತುಗಳ ಜೊತೆ ಚೆನ್ನಾಗಿ ಎಳೀತೀಯ. ಅಷ್ಟು ಮಾಡು ಸಾಕು!”