ಕಿಟಕಿಗೆ ಅಂಟಿಕೊಂಡ ರೊಟ್ಟಿಕಟ್ಟೆ

ಅಳತೆಯ ವಿಷಯದಲ್ಲಿ ನನ್ನನ್ನು ಯಾರೂ ಪ್ರಶ್ನಿಸುವಂತಿಲ್ಲ. ಗೋರೆಗಾಂವ್‌ನ ಆಫೀಸೊಂದರಲ್ಲಿ ದಿನವಿಡೀ ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವವಳು ನಾನು. ಹೀಗಾಗಿ, ಅವ್ವ ಇನ್ನು ನೆಲದ ಮೇಲೆ ಕೂತು ರೊಟ್ಟಿ ಬಡಿಯಕೂಡದೆಂದು ಮೊಣಕಾಲಿನ ಡಾಕ್ಟರು ಅಪ್ಪಣೆ ಮಾಡಿದಾಗ ನಾನು ಎದೆಗುಂದಲಿಲ್ಲ.

ಎದೆಗುಂದಿದವಳು ಅವ್ವ. ಮೂರು ವಾರ ಅಂಗಡಿ ರೊಟ್ಟಿ ತಿಂದು ಸೊರಗಿದ್ದಳು.

"ಇದಕ್ಕ ರೊಟ್ಟಿ ಅಂತಾರೇನು? ಪೋಸ್ಟ್‌ಕಾರ್ಡ್ ತಿಂದಂಗ ಆಗ್ತದ!"

"ನಿಂತು ಬಡೀಲಿಕ್ಕೆ ಕಟ್ಟಿ ಕಟ್ಟಸೋಣ ಅವ್ವಾ. ಡ್ರಾಯಿಂಗ್ ನಂದು. ಟೆನ್ಶನ್ ಬ್ಯಾಡ."

ನಮ್ಮ ಸಾಫ್ಟ್‌ವೇರಿನಲ್ಲಿ ಸ್ನ್ಯಾಪ್ ಗೈಡ್ ಎಂಬ ಚುಕ್ಕೆಗೆರೆಗಳಿವೆ. ಬೇಕಾದ ಅಳತೆಗೆ ಒಂದು ಗೈಡ್ ಇಟ್ಟರೆ, ನಾವೆಳೆದ ಗೆರೆ ಹತ್ತಿರ ಬಂದೊಡನೆ ಅಯಸ್ಕಾಂತಕ್ಕೆ ಸೂಜಿಯಂತೆ ಅದಕ್ಕೆ ಅಂಟಿಕೊಳ್ಳುತ್ತದೆ. ಕೈ ನಡುಗಿದರೂ ಗೆರೆ ನಡುಗದು! ನೆಲದಿಂದ ಎಪ್ಪತ್ತೈದು ಸೆಂಟಿಮೀಟರಿಗೆ ಒಂದು ಗೈಡ್ ಇಟ್ಟೆ. ಅದರ ಮೇಲೆ, ಅಡುಗೆಮನೆ ಕಿಟಕಿಯ ಕೆಳ ಅಂಚಿಗೆ, ಇನ್ನೊಂದು ಮೊದಲೇ ಇತ್ತು. ಇಡೀ ಮನೆ ಕಾಣಲೆಂದು ನಕ್ಷೆಯನ್ನು ಕುಗ್ಗಿಸಿದ್ದರಿಂದ ಪರದೆಯ ಮೇಲೆ ಎರಡರ ನಡುವೆ ಒಂದು ಜೋಳದ ಕಾಳಿನಷ್ಟೇ ಅಂತರ.

ಕಟ್ಟೆಯ ಗೆರೆ ಎಳೆದೆ. ಅಂಟಿತು. ಯಾವುದಕ್ಕೆ ಅಂಟಿತೆಂದು ನೋಡುವುದು ನನ್ನ ಘನತೆಗೆ ತಕ್ಕುದಾಗಿರಲಿಲ್ಲ!

ಗಾರೆ ಕೆಲಸದ ಗೌಂಡಿ ಭೀಮಣ್ಣ ವಿಜಯಪುರದ ಕಡೆಯವನು. ನಕ್ಷೆಯನ್ನು ಬಹಳ ಹೊತ್ತು ನೋಡಿದ.

"ಅಕ್ಕಾರ, ಎತ್ತರ ಭಾಳ ಆತೇನೋ ಅನಸ್ತದ್ರಿ. ಅವ್ವಾರನ್ನ ಒಮ್ಮೆ ನಿಂದ್ರಿಸಿ ನೋಡೂಣೇನ್ರಿ?"

"ಡ್ರಾಯಿಂಗ್ ಪ್ರಕಾರ ಕಟ್ರಿ. ಒಂದು ಮಿಲಿಮೀಟರ್ ಆಚೀಚೆ ಆಗಬಾರ್ದು."

"ಆತ್ರಿ. ಕಲ್ತವ್ರು ನೀವು."

ಅದು ನನಗೆ ಹೊಗಳಿಕೆಯಂತೆ ಕೇಳಿಸಿತು.

ಕಟ್ಟೆ ಮುಗಿದ ದಿನ ಸಂಜೆ ಲೋಕಲ್ ರೈಲು ಇಳಿದು ಕಾಂದಿವಲಿಯ ಮನೆಗೆ ಓಡಿಬಂದೆ. ನುಣುಪಾದ ಕಪ್ಪು ಕಲ್ಲು ಕಿಟಕಿಯ ಅಂಚಿಗೆ ಕೂದಲೆಳೆಯೂ ತಪ್ಪದೆ ಕೂತಿತ್ತು. ಅವ್ವನ ಎದೆಯ ಮಟ್ಟಕ್ಕೆ! ಬಾಗಿ ಕಲ್ಲಿನ ಮೇಲೆ ಗದ್ದವಿಟ್ಟು ಅವಳು, ರೈಲು ಟಿಕೆಟ್ ಕೌಂಟರಿನ ಮುಂದೆ ನಿಂತವರಂತೆ, ಕಿಟಕಿಯತ್ತ ಕೈ ಚಾಚಿದಳು.

"ಭಾಯಿಸಾಬ್, ಏಕ್ ದಾದರ್ ರಿಟರ್ನ್ ದೇನಾ."

"ಅವ್ವಾ, ಬಡಿದು ನೋಡು ಒಮ್ಮೆ."

ಹಿಟ್ಟಿನ ಕೈಗಳೆರಡೂ ಭುಜದ ಮೇಲಕ್ಕೆ ಹೋದವು. "ನಾ ರೊಟ್ಟಿ ಬಡೀಲೋ, ಪೊಲೀಸರಿಗೆ ಶರಣಾಗ್ಲೋ?"

"ಕಿಟಕಿಗೆ ಸ್ನ್ಯಾಪ್ ಆಗಿಬಿಟ್ಟದ..."

"ಅಂದ್ರ?"

"ಅಂಟಿಕೊಂಡದ."

"ಹಂಗಾರ ಕಿಟಕೀನ ರೊಟ್ಟಿ ಬಡಿಲಿ!"

ನಕ್ಕಳು. ಆದರೆ ಹಿಟ್ಟನ್ನು ಮತ್ತೆ ಡಬ್ಬಿಗೆ ಸುರಿಯುವಾಗ ನಗಲಿಲ್ಲ. ನಾನು ಭೀಮಣ್ಣನಿಗೆ ಫೋನ್ ಮಾಡಿದೆ.

ಮರುದಿನ ಅವನು ಕಲ್ಲು ಕಿತ್ತ. ಅವ್ವನನ್ನು ಗೋಡೆಯ ಬಳಿ ನಿಲ್ಲಿಸಿ, "ಗಾಳ್ಯಾಗ ಬಡೀರಿ ಅವ್ವಾರ" ಎಂದ. ಅವಳ ಅಂಗೈ ಬಂದು ನಿಂತ ಮಟ್ಟಕ್ಕೆ ಗುರುತು ಹಾಕಿದ. ಕೆಂಪುಪುಡಿ ಬಳಿದ ದಾರವನ್ನು ಗೋಡೆಯುದ್ದಕ್ಕೂ ಬಿಗಿದು, ನಡುವೆ ಹಿಡಿದೆಳೆದು ಬಿಟ್ಟ. ಟಪ್! ಗೋಡೆಯ ಮೇಲೆ ನೆಟ್ಟಗಿನ ಕೆಂಪು ಗೆರೆ.

"ಇದಕ್ಕ ದಾರ ಹೊಡಿಯೂದು ಅಂತೀವ್ರಿ. ನಿಮ್ಮ ಕಂಪ್ಯೂಟರ್‌ನ್ಯಾಗ ಏನಂತಾರ್ರಿ?"

"ಸ್ನ್ಯಾಪ್ ಗೈಡ್," ಎಂದೆ, ಆದಷ್ಟು ಮೆಲ್ಲಗೆ.

ಸಂಜೆ ಹೊಸ ಕಟ್ಟೆಯಿಂದ ಪಟಪಟ ಸಪ್ಪಳ ಕೇಳಿತು. ಮೊದಲ ಬಿಸಿ ರೊಟ್ಟಿ ಭೀಮಣ್ಣನ ತಾಟಿಗೆ ಹೋಯಿತು, ನ್ಯಾಯವಾಗಿಯೇ.

"ಅಕ್ಕಾರ, ಗೆರಿ ಹೊಡಿಯೂದು ಕಲೀಲಿಕ್ಕೆ ಕಾಲೇಜಿನ್ಯಾಗ ಎಷ್ಟು ವರ್ಷ ಇಟ್ಟಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಐದು. ಇನ್ನೂ ಬಂದಿಲ್ಲ."

ನಾನು, ತುಂಡುಗಳೆಲ್ಲ ಒಂದೇ ಅಳತೆಗೆ ಬರುವಂತೆ ಉಳ್ಳಾಗಡ್ಡಿ ಹೆಚ್ಚತೊಡಗಿದೆ.

ಒಂದೂ ಬರಲಿಲ್ಲ!