ಮೂರು ಫ್ಯಾನಿನ ಕಾರ್ಡೂ ನನ್ನ ಚೌಕಾಸಿಯೂ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನನ್ನ ಕಿವಿ ಮಾತ್ರ ಎಂ.ಎ. ಪಾಸು! ಹೊಲಿಗೆ ಯಂತ್ರದ ಮುಂದೆ ಕೂತು ಪ್ಯಾಂಟುಗಳ ಅಂಚು ಮಡಚುತ್ತಲೇ ಮನೆಯವರ ಮಾತನ್ನೆಲ್ಲ ಹೀರಿಕೊಂಡುಬಿಡುತ್ತೇನೆ. ಆ ಧೈರ್ಯದಲ್ಲೇ ಹೋದ ತಿಂಗಳು ಘೋಷಿಸಿದೆ: "ಗ್ರಾಫಿಕ್ಸ್ ಕಾರ್ಡು ನಾನೇ ತರ್ತೀನಿ. ಅಂಗಡಿಯವನು ನನಗೆ ಟೋಪಿ ಹಾಕಲಿ, ನೋಡೇಬಿಡೋಣ!"

ಕಾರ್ಡು ಬೇಕಾಗಿದ್ದದ್ದು ನಮ್ಮ ಯಜಮಾನರಿಗೆ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ, ಒಂದು ಬೆಕ್ಕಿಗೂ ತಾಗಿಸದೆ ನಿವೃತ್ತರಾದವರು. ಆಮೇಲೆ ಕೈಗೆ ಸ್ಟೀರಿಂಗಿಲ್ಲದೆ ಊಟದ ತಟ್ಟೆಯನ್ನೇ ತಿರುಗಿಸತೊಡಗಿದರು. ನೋಡಲಾರದೆ ಮಗಳು ಎರಡು ವರ್ಷದ ಹಿಂದೆ ಒಂದು ಕಂಪ್ಯೂಟರೂ ಆಟದ ಸ್ಟೀರಿಂಗ್ ಚಕ್ರವೂ ತಂದು, ಅದರಲ್ಲಿ ಲಾರಿ ಓಡಿಸುವ ಆಟ ಹಾಕಿಕೊಟ್ಟಳು. ಪ್ರತಿ ಶನಿವಾರ ಸಂಜೆ ಐದಕ್ಕೆ ನಿವೃತ್ತ ಡ್ರೈವರುಗಳೆಲ್ಲ ಅವರವರ ಮನೆಯಿಂದಲೇ ಸಾಲಾಗಿ ಲಾರಿ ಬಿಡುತ್ತಾರೆ. ಸಾಲಿನ ಮುಖಂಡ ಯಾರು ಅಂತೀರಿ? ಇವರ ಬಸ್ಸಿನಲ್ಲೇ ಸೀಟಿ ಊದುತ್ತಿದ್ದ ಕಂಡಕ್ಟರು!

ಎಲ್ಲರ ಲಾರಿ ಸರಾಗ. ಇವರ ಪರದೆಯಲ್ಲಿ ಮಾತ್ರ ತಿರುವು ಬಂದರೆ ಚಿತ್ರ ನಿಲ್ಲುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ಇವರ ಲಾರಿ ಮುಂದಿನ ಲಾರಿಯ ಹೊಟ್ಟೆಯೊಳಗೆ! ಕಂಡಕ್ಟರು ಕೊನೆಗೆ ಹೇಳಿಯೇಬಿಟ್ಟ: "ಡ್ರೈವರಣ್ಣಾ, ಬೇಜಾರು ಮಾಡ್ಕೋಬೇಡ. ಶನಿವಾರ ಮತ್ತೆ ಗುದ್ದಿದ್ರೆ ನಿನ್ನನ್ನ ಸಾಲಿನಿಂದ ಇಳಿಸ್ಬೇಕಾಗತ್ತೆ."

ಇಳಿಸುವುದು! ಅದೂ ಕಂಡಕ್ಟರು ಡ್ರೈವರನ್ನು! ಆವತ್ತಿನಿಂದ ಇವರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ದಿನಕ್ಕೆ ಅರುವತ್ತು ಟ್ರಿಪ್ಪು.

ಮಗಳು ಫೋನಿನಲ್ಲಿ "ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಗೆ ಶಕ್ತಿ ಸಾಲ್ತಿಲ್ವೇನೋ ಅಪ್ಪಾ, ಫ್ರೇಮು ಕಮ್ಮಿ ಬರ್ತಿದೆ" ಅಂದಳು. ಸೆಕೆಂಡಿಗೆ ಎಷ್ಟು ಚಿತ್ರ ಬೀಳುತ್ತದೆ ಎನ್ನುವ ಲೆಕ್ಕವಂತೆ ಅದು. ನನಗೆ ತಟ್ಟನೆ ಅರ್ಥವಾಯಿತು. ಹೊಲಿಗೆ ದೂರ ದೂರ ಬಿದ್ದರೆ ಬಟ್ಟೆ ಬಾಯಿ ಬಿಡುತ್ತದೆ, ಒತ್ತಾಗಿ ಬಿದ್ದರೆ ನುಣ್ಣಗೆ ಕೂರುತ್ತದೆ. ಇಷ್ಟೇ ತಾನೇ ವಿದ್ಯೆ!

ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಲು ಕೂಡಿಟ್ಟಿದ್ದ ಹಣ ಸೊಂಟಕ್ಕೆ ಸಿಕ್ಕಿಸಿ, ಶನಿವಾರ ಬೆಳಗ್ಗೆ ಕಂಪ್ಯೂಟರಿನ ಡಬ್ಬದ ಸಮೇತ ಪಕ್ಕದ ಬೀದಿಯ ಅಂಗಡಿಗೆ ದಂಡಯಾತ್ರೆ ಹೊರಟೆ. ಅಂಗಡಿಯವನು ಎರಡು ಕಾರ್ಡು ಮುಂದಿಟ್ಟ. ಒಂದು ಮಧ್ಯಮದ್ದು. ಇನ್ನೊಂದು ಮೂರು ಫ್ಯಾನಿನ ಮಹಾರಾಜ.

"ಅಮ್ಮಾ, ಇದು ಅದಕ್ಕಿಂತ ಕಾಲುಭಾಗ ಜಾಸ್ತಿ ಓಡತ್ತೆ."

"ಬೆಲೆ?"

"ಎರಡರಷ್ಟು."

"ಎರಡು ಮೀಟರಿಗೆ ದುಡ್ಡು ಕೊಟ್ಟು ಒಂದೂಕಾಲು ಮೀಟರು ಬಟ್ಟೆ ಹೊತ್ಕೊಂಡು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಚೌಕಾಸಿಯ ಅಮಲು ಏರಿಬಿಟ್ಟಿತ್ತು! ಒಂದು ಗಂಟೆ ಕಾದಾಡಿ ಮಹಾರಾಜನ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಇಳಿಸಿದೆ. ಗೆದ್ದ ಸಂತೋಷದಲ್ಲಿ, ಬೇಡವೆಂದು ವಾದಿಸಿದ್ದ ಅದನ್ನೇ ಕೊಂಡುಬಿಟ್ಟೆ! ಅದಕ್ಕೆ ಕರೆಂಟು ಸಾಲದೆಂದು ಒಳಗಿನ ಪವರ್ ಪೆಟ್ಟಿಗೆಯನ್ನೂ ಬದಲಾಯಿಸಬೇಕಾಯಿತು. ಮೋಟಾರಿನ ಹಣ ಅಲ್ಲಿಗೆ ಮಾಯ. ಅಂಗಡಿಯ ಮೆಕ್ಯಾನಿಕ್ ಹುಡುಗಿ ಎಲ್ಲವನ್ನೂ ಜೋಡಿಸಿದಳು. ಕಾರ್ಡು ಎಷ್ಟು ದಪ್ಪವೆಂದರೆ ಡಬ್ಬದ ಬಾಗಿಲು ಮುಚ್ಚಲೇ ಇಲ್ಲ.

ಹಳೇ ಕಾರ್ಡು ಉಳಿಯಿತಲ್ಲ? ಕಂಡಕ್ಟರಿಗೇ ಫೋನು ಮಾಡಿದೆ. ಅಗ್ಗದ ಮಾಲೆಂದರೆ ಬಿಡದ ಅವನು ಅಂಗಡಿಗೇ ಓಡಿಬಂದ. ಹನ್ನೆರಡು ಪ್ಯಾಂಟಿನ ಅಂಚು ಮಡಚಿದರೆ ಸಿಗುವಷ್ಟು ಕಾಸಿಗೆ ಕೊಟ್ಟುಬಿಟ್ಟೆ. "ಇದು ತಡವರಿಸೋ ಮಾಲು, ಆಮೇಲೆ ನನ್ನನ್ನ ಕೇಳ್ಬೇಡ" ಎಂದು ಎಚ್ಚರಿಕೆಯನ್ನೂ ಕೊಟ್ಟೆ. ಎಷ್ಟಾದರೂ ನಾನು ನ್ಯಾಯವಂತೆ!

ಮನೆಗೆ ಬಂದು ತಂತಿಗಳನ್ನೆಲ್ಲ ನಾನೇ ಸಿಕ್ಕಿಸಿದೆ. ಐದಕ್ಕೆ ಸಾಲು ಹೊರಟಿತು. ಮೊದಲ ತಿರುವು ಬಂತು. ಚಿತ್ರ ನಿಂತಿತು. ಢಮಾರ್!

"ಅಣ್ಣಾ!" ಸ್ಪೀಕರಿನಿಂದ ಕಂಡಕ್ಟರು ಕೂಗಿದ. "ಪೆಟ್ರೋಲ್ ಬಂಕಿನ ಹತ್ರ ಹತ್ತು ನಿಮಿಷ ಕಾಯ್ತೀವಿ. ಅಷ್ಟರಲ್ಲಿ ಸರಿಮಾಡ್ಕೊಂಡ್ರೆ ಸರಿ, ಇಲ್ದಿದ್ರೆ ನಾವು ಹೊರಟ್ವಿ."

ಯಜಮಾನರು ಬೈಯಲಿಲ್ಲ. ಸ್ಟೀರಿಂಗ್ ಚಕ್ರದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು, ಅಷ್ಟೆ. ನಾನು ತಕ್ಷಣ ಅಂಗಡಿಗೆ ಫೋನು ಮಾಡಿ ಕೂಗಾಡಿದೆ. "ಏನಯ್ಯಾ, ಮೂರು ಫ್ಯಾನು ತಿರುಗ್ತಿರೋದು ನನಗೆ ಗಾಳಿ ಹಾಕೋಕಾ?"

ಮೆಕ್ಯಾನಿಕ್ ಹುಡುಗಿ ಸ್ಕೂಟರಿನಲ್ಲಿ ಹಾರಿಬಂದಳು. ಡಬ್ಬದ ಹಿಂದೆ ಬಗ್ಗಿದಳು. ಪರದೆಯ ತಂತಿಯನ್ನು ಮೇಲಿನ ತೂತಿನಿಂದ ಕಿತ್ತು ಕೆಳಗಿನ ತೂತಿಗೆ ಚುಚ್ಚಿದಳು. ರಸ್ತೆ ಬೆಣ್ಣೆಯಂತೆ ಜಾರಿತು! ಯಜಮಾನರು ಒಂದೇ ಉಸಿರಿಗೆ ಸಾಲು ಸೇರಿಕೊಂಡರು.

"ಮೇಲಿನ ತೂತು ಕಂಪ್ಯೂಟರಿನ ಸ್ವಂತದ್ದು, ಕೆಳಗಿಂದು ಕಾರ್ಡಿಂದು ಅಜ್ಜಿ. ಮೇಲಿಂದಕ್ಕೆ ಹಾಕಿದ್ರೆ ಕಾರ್ಡು ಸುಮ್ನೆ ಒಳಗೆ ಮಲಗಿರತ್ತೆ. ಅಲ್ಲಿಗೆ ಹಾಕಿದ್ಯಾರು?"

"ನಾನೇ. ಪ್ರತಿ ವಾರ ಹಿಂದುಗಡೆ ಧೂಳು ಒರೆಸೋವಾಗ ತೆಗೆದು ಹಾಕೋದೂ ನಾನೇ. ಕೆಳಗಿಂದಕ್ಕೆ ಬಗ್ಗಬೇಕು, ಮಂಡಿ ನೋವು. ಮೇಲಿಂದು ಕೈಗೆ ಸಿಕ್ಕತ್ತೆ."

"ಎಷ್ಟು ದಿನದಿಂದ?"

"ಎರಡು ವರ್ಷ..."

ಹುಡುಗಿ ಸೀಲಿಂಗು ನೋಡಿದಳು. "ಹಾಗಾದ್ರೆ ಹಳೇ ಕಾರ್ಡಿನ ತಪ್ಪೇ ಇಲ್ಲ ಅಜ್ಜಿ. ಅದನ್ನ ನೀವು ಉಪಯೋಗಿಸೇ ಇಲ್ಲ."

ಅದೇ ಹೊತ್ತಿಗೆ, ಇವರಿಗಾಗಿ ಬಂಕಿನಲ್ಲೇ ಕಾದಿದ್ದ ಕಂಡಕ್ಟರು ಭರ್ರೆಂದು ಇವರನ್ನು ಹಿಂದೆ ಹಾಕಿದ. "ಡ್ರೈವರಣ್ಣಾ! ನಿಮ್ಮನೆ ಕಾರ್ಡು ಭೇಷ್! ಹೊಸದರ ಹಾಗಿದೆ! ಅತ್ತಿಗೆಗೆ ಹೇಳು, ಮನೇಲಿ ಇಂಥ ಹಳೇ ಸಾಮಾನು ಇನ್ನೇನಾದ್ರೂ ಇದ್ರೆ ನಾನೇ ತಗೋತೀನಿ!"

ಯಜಮಾನರು ಲಾರಿಯನ್ನು ನಿಧಾನ ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕಂಡಕ್ಟರಿಗೆ ಕೂಗಿ ಹೇಳಿದರು:

"ಒಂದಿದೆ ಕಣಯ್ಯಾ, ಇಲ್ಲೇ ನಿಂತಿದೆ. ಆದ್ರೆ ಹುಷಾರು! ಚೌಕಾಸಿಗೆ ಕೂತ್ರೆ ನಿನ್ನ ಸಾಮಾನನ್ನೇ ನಿನಗೆ ಕೊಂಡು ತರತ್ತೆ, ಅದೂ ಎರಡರಷ್ಟು ಬೆಲೆಗೆ!"